ಹಿಂಭಾರ

ಶಿವನಂಜಮ್ಮನ ಹೊಟ್ಟೆ ಉರಿಯತೊಡಗಿದ್ದು ತಂಗಿ ವಸಂತಮ್ಮ ಮಂಗಳೂರಿನಿಂದ ಬಂದಿಳಿದ ಗಳಿಗೆಯಿಂದ. ಸರಿಯಾಗಿ ಹೇಳಬೇಕೆಂದರೆ, ಇಳಿದ ರೀತಿಯಿಂದ. ಹೆಂಗಸರು ಜಟಕಾ ಹತ್ತುವುದೂ ಹಿಂದಿನಿಂದ, ಇಳಿಯುವುದೂ ಹಿಂದಿನಿಂದ. ಮೈಸೂರಿನಲ್ಲಿ ಕಣ್ಣು ಕಾಣದ ಮುದುಕಿಗೂ ಇದು ಗೊತ್ತು. ಈ ಮಹರಾಯ್ತಿ ಮುಂದಿನಿಂದ ಇಳಿದಳು. ಚಿಕ್ಕಣ್ಣನ ಪಕ್ಕದಿಂದ! ಆ ಪುಣ್ಯಾತ್ಮ ಮೊದಲು ತಾನು ಧುಮುಕಿ, ಲಗಾಮನ್ನು ಬಂಡಿಯ ಮೂಕಿಗೆ ಸುತ್ತಿ, "ನಿಧಾನ ಕಣವ್ವ, ನಿಧಾನ" ಅನ್ನುತ್ತ ಅವಳ ಕೈ ಹಿಡಿದು ಇಳಿಸಿದ.

ಚಿಕ್ಕಣ್ಣ ಶಿವನಂಜಮ್ಮನ ಗಂಡ. ದೊಡ್ಡ ಗಡಿಯಾರದ ಹತ್ತಿರದ ಸ್ಟ್ಯಾಂಡಿನಲ್ಲಿ ಜಟಕಾ ಹೊಡೆಯುವವನು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು, ಒಂದು ದಿನವಾದರೂ ಹೆಂಡತಿಯನ್ನು ಕೈ ಹಿಡಿದು ಇಳಿಸಿದವನಲ್ಲ. ಅವಳೇನು ಕಡಿಮೆಯವಳೇ? ತೊಣಚಿಕೊಪ್ಪಲಿನ ಮನೆಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು, ಪಕ್ಕದ ಸರಸ್ವತಿಪುರಂನಲ್ಲಿ ಮೇಷ್ಟರು, ಗುಮಾಸ್ತರ ಮನೆಗಳಿಗೆಲ್ಲ ತಿಂಗಳ ಲೆಕ್ಕದ ವರ್ತನೆ ಹಾಲು ಹಾಕುತ್ತಿದ್ದಳು. ಮೈ ಗಟ್ಟಿ, ಕೈಕಾಲು ಗಟ್ಟಿ, ಬಾಯಂತೂ ಕೇಳಲೇಬೇಡಿ. ಮಡಿಲಲ್ಲಿ ಒಂದು ಮಗು ಇರಲಿಲ್ಲ, ಅಷ್ಟೆ.

ಆ ಅಷ್ಟೆ ಅನ್ನುವುದೇ ಈಗ ಕುತ್ತಿಗೆಗೆ ಬಂದಿತ್ತು. ವಸಂತಮ್ಮನನ್ನು ಕರೆಸಿದವಳು ಶಿವನಂಜಮ್ಮ ಅಲ್ಲ, ಅವಳ ಅತ್ತೆ ಬೆಟ್ಟಮ್ಮ. "ಪಾಪ, ಗಂಡ ಸತ್ತು ಎರಡು ವರ್ಷ ಆಯ್ತಾ ಬಂತು. ಆ ಕಡಲ ಕರೇಲಿ ಒಂಟಿ ಪಿಶಾಚಿ ಅಂಗೆ ಅವಳೆ. ನಾಕ್ ದಿನ ಮೈಸೂರು ನೋಡ್ಕಂಡ್ ಹೋಗ್ಲಿ ಬುಡು" ಅಂದಿದ್ದಳು ಮುದುಕಿ, ಬಾಯಲ್ಲಿ ಬೆಣ್ಣೆ ಇಟ್ಟುಕೊಂಡು. ಇವರಲ್ಲಿ ಗಂಡ ಸತ್ತ ಹುಡುಗಿಗೆ ಇನ್ನೊಬ್ಬನ ಜೊತೆ ಕೂಡಿಕೆ ಮಾಡುವುದು ಉಂಟು. ಮಕ್ಕಳಾಗದ ಅಕ್ಕನ ಮನೆಗೆ ತಂಗಿಯನ್ನೇ ತಂದು ತುಂಬಿಸಿಕೊಳ್ಳುವುದೂ ಉಂಟು. ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿತ್ತು, ಎರಡನೇ ಹೆಂಡತಿ ಕೂಡದು ಅನ್ನುವ ಕಾನೂನು ಇನ್ನೂ ಬಂದಿರಲಿಲ್ಲ. ಇಂಥ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಹುಡುಗಿಯನ್ನು ಊರು ನೋಡುವ ನೆಪದಲ್ಲಿ ಕರೆಸುತ್ತಾರೆ, ಮನೆಯಲ್ಲಿ ಓಡಾಡಿಕೊಂಡಿರಲು ಬಿಡುತ್ತಾರೆ, ಆಮೇಲೊಂದು ಬೆಳಿಗ್ಗೆ ಹಿರಿಯರು ಎಲೆಯಡಿಕೆ ತಟ್ಟೆ ಹಿಡಿದು ಜಗಲಿಗೆ ಬಂದು ಕೂರುತ್ತಾರೆ. ಕೊಪ್ಪಲಿನ ಒಂದು ಮನೆಯಲ್ಲಿ ಹೀಗಾದದ್ದನ್ನು ಶಿವನಂಜಮ್ಮ ಕಣ್ಣಾರೆ ಕಂಡಿದ್ದಳು. ಅಲ್ಲಿನ ಹಿರೇ ಹೆಂಡತಿ ಈಗ ಮಲಗುವುದು ಕೊಟ್ಟಿಗೆಯಲ್ಲಿ.

ಹೀಗಿರುವಾಗ ತಂಗಿಯ ಮುಖ ನೋಡಿ ಯಾವ ಬಾಯಲ್ಲಿ ನಕ್ಕಾಳು? ನಕ್ಕಳು ಅನ್ನಿ. "ಬಾರೆ, ಕೈಕಾಲು ತೊಳ್ಕೊ" ಅಂದಳು. ಕಣ್ಣು ಮಾತ್ರ ತಂಗಿಯ ಮೈಮೇಲೆಯೇ ಹರಿದಾಡಿತು. ವಸಂತಮ್ಮನ ಗಂಡ ಮಡಿಕೇರಿಯಿಂದ ಮಂಗಳೂರಿನ ಬಂದರಿಗೆ ಕಾಫಿ ಮೂಟೆ ಸಾಗಿಸುವ ಲಾರಿಯಲ್ಲಿದ್ದವನು, ಘಾಟಿಯಲ್ಲಿ ಲಾರಿ ಮಗುಚಿ ಹೋಗಿಬಿಟ್ಟ. ಇವಳು ಊರಿಗೆ ಬರಲಿಲ್ಲ. ಅಲ್ಲೇ ಗೋಡಂಬಿ ಕಾರ್ಖಾನೆಯಲ್ಲಿ ಬೀಜ ಸುಲಿದುಕೊಂಡು ಇದ್ದುಬಿಟ್ಟಳು. ಅತ್ತು ಅತ್ತು ಕಡ್ಡಿಯಾಗಿರುತ್ತಾಳೆ ಅಂದುಕೊಂಡಿದ್ದರೆ, ಕೆನ್ನೆ ತುಂಬಿಕೊಂಡು, ಸೆರಗು ಮೈತುಂಬ ಹೊದ್ದು, ಮಿರಮಿರ ಮಿಂಚುತ್ತ ನಿಂತಿದ್ದಾಳೆ! ಗಂಡ ಸತ್ತವಳಿಗೆ ಇಷ್ಟು ಕಳೆ ಯಾಕೆ ಬೇಕು? ಏನೇ ತುಂಬಿಕೊಂಡಿರಲಿ, ಅಕ್ಕನ ಅರ್ಧ ತೂಕವೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಮಾರನೆಯ ಬೆಳಿಗ್ಗೆ ಹಾಲು ಹಾಕಿ ಬಂದ ಶಿವನಂಜಮ್ಮ ತಂಗಿಗೆ ಊರು ತೋರಿಸಲು ಸೀರೆ ಬದಲಿಸಿದಳು. ನಡೆದುಕೊಂಡೇ ಹೋಗಿ, ಮಾರ್ಕೆಟ್ಟು ತೋರಿಸಿ, ಅರಮನೆ ಬಾಗಿಲಿನವರೆಗೆ ಕರೆದೊಯ್ದು, ಸಂಜೆಗೆ ತಿರುಗಿ ತಂದು, ಆದಷ್ಟು ಬೇಗ ಬಸ್ಸು ಹತ್ತಿಸುವುದು ಅವಳ ಲೆಕ್ಕ. ಹೊರಗೆ ಬಂದರೆ ಚಿಕ್ಕಣ್ಣ ಜಟಕಾ ಕಟ್ಟಿ ನಿಂತಿದ್ದಾನೆ. ಕುದುರೆ ಮಲ್ಲಿಯ ಮೈ ತಿಕ್ಕಿ ಹೊಳಪಿಸಿದ್ದಾನೆ. ಮುಂದಿನ ಜಾಗದಲ್ಲಿ ತನ್ನ ಕಂಬಳಿಯನ್ನು ನಾಲ್ಕು ಮಡಿಕೆ ಮಡಿಸಿ ಹಾಸಿದ್ದಾನೆ.

"ಇವತ್ತು ಬಾಡಿಗೆಗೆ ಹೋಗಲ್ಲ. ನಾನೇ ತೋರಿಸ್ತೀನಿ" ಅಂದ.

ಅವಳಿಗೆ ಚಳಿಜ್ವರ ಬಂದು ಮಲಗಿದ್ದಾಗಲೂ ಬಾಡಿಗೆ ತಪ್ಪಿಸದ ಮನುಷ್ಯ!

"ವಸಂತಿ, ನೀನು ಮುಂದೆ ಬಾ. ನಂಜಿ, ನೀನು ಹಿಂದೆ ಕುಂತ್ಕೊ. ಭಾರ ಸರಿ ಹೋಯ್ತದೆ."

ಅದು ಸುಳ್ಳು. ಬೇರೆ ಯಾರಿಗಾದರೂ ಹೇಳಿದ್ದರೆ ನಂಬುತ್ತಿದ್ದರು, ಜಟಕಾದವನ ಹೆಂಡತಿಗೆ ಹೇಳಿದರೆ ನಂಬುತ್ತಾಳೆಯೇ? ಜಟಕಾ ನಿಂತಿರುವುದು ಎರಡು ಗಾಲಿಯ ಮೇಲೆ. ಹಿಂದೆ ಭಾರ ಹೆಚ್ಚಾದರೆ ಕುದುರೆಗೆ ಕಟ್ಟಿದ ಮೂಕಿ ಮೇಲೇಳುತ್ತದೆ, ಹೊಟ್ಟೆಪಟ್ಟಿ ಕುದುರೆಯನ್ನು ಮೇಲಕ್ಕೆ ಎಳೆಯುತ್ತದೆ, ಅದರ ಕಾಲು ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಅದಕ್ಕೇ ಮೈಸೂರಿನ ಯಾವ ಜಟಕಾದವನೂ ಬಂಡಿ ಬಿಡುವ ಮೊದಲು "ಸ್ವಾಮಿ, ಒಸಿ ಮುಂದಕ್ಕೆ ಬನ್ನಿ, ಹಿಂಭಾರ ಆಯ್ತದೆ" ಅನ್ನದೆ ಇರುವುದಿಲ್ಲ. ದಪ್ಪ ಇರುವವರು ಮುಂದೆ, ತೆಳ್ಳಗಿರುವವರು ಹಿಂದೆ. ಇದು ಅವರ ಕಸುಬಿನ ಮೊದಲ ಪಾಠ. ಚಿಕ್ಕಣ್ಣ ಹೆಂಡತಿಯಂಥ ಹೆಂಡತಿಯನ್ನು ಹಿಂದೆ ಹಾಕಿ, ಹುಲ್ಲುಕಡ್ಡಿಯಂಥ ನಾದಿನಿಯನ್ನು ಮುಂದೆ ಕೂರಿಸಿಕೊಂಡು "ಭಾರ ಸರಿ ಹೋಯ್ತದೆ" ಅಂದರೆ ಅದರ ಅರ್ಥ ಏನು? ನೀವೇ ಹೇಳಿ.

ಜಗಲಿಯ ಮೇಲಿದ್ದ ಬೆಟ್ಟಮ್ಮ ಬೊಚ್ಚುಬಾಯಿ ತೆರೆದು ನಕ್ಕಳು. "ಓಗ್ಬುಟ್ಟು ಬನ್ನಿ, ಓಗ್ಬುಟ್ಟು ಬನ್ನಿ." ಶಿವನಂಜಮ್ಮ ಹಲ್ಲು ಕಚ್ಚಿಕೊಂಡು ಹಿಂದೆ ಹತ್ತಿ, ಕಾಲು ಇಳಿಬಿಟ್ಟು, ಇಬ್ಬರಿಗೂ ಬೆನ್ನು ಹಾಕಿ ಕೂತಳು. ಮೂಕಿ ಮೇಲೆದ್ದಿತು. ಮಲ್ಲಿ ಪಾಪ ತುದಿಗಾಲಲ್ಲಿ ಹೊರಟಿತು.

ಕುಕ್ಕರಹಳ್ಳಿ ಕೆರೆ ಏರಿಯ ಹತ್ತಿರ ಚಿಕ್ಕಣ್ಣ ಬಂಡಿ ನಿಲ್ಲಿಸಿ, "ನೋಡವ್ವ, ಎಷ್ಟು ದೊಡ್ಡ ನೀರು" ಅಂದ. ವಸಂತಮ್ಮ ನೋಡಿ ನಕ್ಕಳು. "ಭಾವ, ಒಂದ್ ಸಲ ನಮ್ಮ ಮಂಗಳೂರಿಗೆ ಬಂದು ನೋಡಿ. ಕಡಲ ಮುಂದೆ ಇದು ಒಂದು ಬೊಗಸೆ. ಆಚೆ ದಡಾನೇ ಇಲ್ಲ ಕಣಕ್ಕ ಅದಕ್ಕೆ."

"ದಡ ಇಲ್ದಿದ್ ನೀರು ಕಟ್ಕಂಡು ಯಾರಿಗೇನಾಗ್ಬೇಕು? ಎಮ್ಮೆ ಮೈ ತೊಳೆಯಾಕಾಯ್ತದಾ?" ಅಂದಳು ಶಿವನಂಜಮ್ಮ ಹಿಂದಿನಿಂದ.

ಚಿಕ್ಕಣ್ಣನೂ ನಕ್ಕ. ತಂಗಿಯ ಮಾತಿಗೆ ನಕ್ಕನೋ ತನ್ನ ಮಾತಿಗೆ ನಕ್ಕನೋ ಅವಳಿಗೆ ತಿಳಿಯಲಿಲ್ಲ. ಆದರೆ ಒಂದು ಗೊತ್ತು. ಬೆಂಗಳೂರಿನ ಯಾವನೋ ಬಾಡಿಗೆಯವನು ಮೈಸೂರಿನ ಅರಮನೆ ಅಂಥದ್ದೇನೂ ಇಲ್ಲ ಅಂದದ್ದಕ್ಕೆ ಅವನನ್ನು ನಡುರಸ್ತೆಯಲ್ಲಿ ಇಳಿಸಿ ಬಂದಿದ್ದವನು ಇವನೇ. ಈಗ ಕೆರೆಯನ್ನು ಬೊಗಸೆ ಅಂದರೂ ಕಿಲಕಿಲ ಅನ್ನುತ್ತಾನೆ!

ಇನ್ನು ಅವನ ಮಾತು. ಅಯ್ಯೋ, ಆ ಮಾತು! ಮನೆಯಲ್ಲಿ ಬಾಯಿಗೆ ಬೀಗ ಜಡಿದುಕೊಂಡಿರುವವನು, "ಹೂಂ", "ಉಹೂಂ", "ಹುಲ್ಲು ಹಾಕ್ದಾ?" ಇಷ್ಟರಲ್ಲಿ ಇವರ ಸಂಸಾರ ಸಾಗಿಬಂದಿತ್ತು. ಅರಮನೆಯ ಬಾಗಿಲಲ್ಲಿ ಬಂಡಿ ನಿಲ್ಲಿಸಿದವನು ಬಾಯಿ ತೆರೆದ ನೋಡಿ. ಹಿಂದೆ ಅಲ್ಲಿ ಮರದ ಅರಮನೆ ಇತ್ತಂತೆ, ಮದುವೆಯ ಸಂಭ್ರಮದಲ್ಲಿ ಬೆಂಕಿ ಹತ್ತಿಕೊಂಡಿತಂತೆ, ಆಗ ಹುಡುಗನಾಗಿದ್ದ ಇವರಪ್ಪ ಎಲ್ಲರ ಜೊತೆ ಓಡಿಹೋಗಿ ಬಿಂದಿಗೆಯಲ್ಲಿ ನೀರು ಹೊತ್ತನಂತೆ, ಸಾಯುವತನಕ ಅವನ ಹುಬ್ಬಿನ ಒಂದು ಕಡೆ ಕೂದಲೇ ಬೆಳೆಯಲಿಲ್ಲವಂತೆ. ವಸಂತಮ್ಮ "ಅಯ್ಯಯ್ಯೋ, ಆಮೇಲೆ ಭಾವ?" ಅನ್ನುತ್ತ ಬಾಯಿ ಬಿಟ್ಟುಕೊಂಡು ಕೇಳಿದಳು.

ಶಿವನಂಜಮ್ಮನಿಗೆ ಆ ಮಾವನ ಹುಬ್ಬು ಗೊತ್ತಿತ್ತು. ಕೊನೆಗಾಲದಲ್ಲಿ ಅವನ ಮುಖ ತೊಳೆದು ಗಂಜಿ ಕುಡಿಸಿದ್ದು ಅವಳೇ. ಹುಬ್ಬು ಹಾಗೇಕಿತ್ತು ಎಂದು ಇವತ್ತು, ತಂಗಿಗೆ ಹೇಳುವಾಗ, ಹಿಂದಿನಿಂದ ಕದ್ದು ಕೇಳಿ ತಿಳಿದುಕೊಳ್ಳಬೇಕಾಯಿತು. ಇಷ್ಟು ವರ್ಷ ತನಗೆ ಯಾಕೆ ಹೇಳಲಿಲ್ಲ? ತಾನು ಕೇಳಲಿಲ್ಲ, ನಿಜ. ಕೇಳದಿದ್ದರೇನಂತೆ, ಹೇಳಬಾರದೇ? ಅವಳಿಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು.

ಮಾರ್ಕೆಟ್ಟಿನಲ್ಲಿ ಆದದ್ದು ಇದಕ್ಕಿಂತ ಕಡೆ. ಚಿಕ್ಕಣ್ಣ ಒಳಗೆ ಹೋಗಿ ನಂಜನಗೂಡು ರಸಬಾಳೆಯ ಒಂದು ಚಿಪ್ಪು ತಂದ. ತಂದವನು ಹಾಗೇ ವಸಂತಮ್ಮನ ಮಡಿಲಿಗೆ ಇಟ್ಟ. ಹಣ್ಣು ಕೊಡಲು ಕೈ ಇಲ್ಲವೇ? ಬುಟ್ಟಿ ಇಲ್ಲವೇ? ಹೆಣ್ಣಿನ ಮಡಿಲಿಗೆ ಹಣ್ಣು ಹಾಕುವುದು ಯಾವಾಗ, ಯಾರು, ಯಾಕೆ ಅನ್ನುವುದು ಕೂಸಿಗೂ ಗೊತ್ತಿರುವ ನಾಡು ಇದು. ವಸಂತಮ್ಮ ಒಂದು ಹಣ್ಣು ಮುರಿದು ಹಿಂದಕ್ಕೆ ಚಾಚಿ, "ತಗೊ ಅಕ್ಕ" ಅಂದಳು.

"ನಂಗೆ ಹಸಿವಿಲ್ಲ. ನೀವ್ ತಿನ್ನಿ."

"ಯಾಕಕ್ಕ ಒಂಥರಾ ಇದ್ದೀಯ?"

"ಬಿಸಿಲು ಕಣೆ" ಅಂದಳು ಶಿವನಂಜಮ್ಮ. ಮೋಡ ಮುಚ್ಚಿಕೊಂಡಿತ್ತು.

ಹಾಗೇ ಮುಂದೆ ಹೋಗಿ ಬೆಟ್ಟದ ಪಾದ ಸೇರಿದರು. ಮೆಟ್ಟಿಲಿನ ಬುಡದಲ್ಲಿ ಹೆಂಗಸರು ಬಗ್ಗಿ ಬಗ್ಗಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಿದ್ದರು. ಶಿವನಂಜಮ್ಮನೂ ಆ ಹರಕೆ ತೀರಿಸಿದವಳೇ, ಒಂದು ಸಲವಲ್ಲ. ಯಾವುದಕ್ಕೆ ಅಂತ ಕೇಳಬೇಕಾಗಿಲ್ಲ. ಸೊಂಟ ಹಿಡಿದು ವಾರಗಟ್ಟಲೆ ಮಲಗಿದ್ದಳು, ತಾಯಿ ಚಾಮುಂಡಿ ಕಣ್ಣು ಬಿಟ್ಟಿರಲಿಲ್ಲ.

"ಹತ್ತಾಣ ಬಾರೆ. ಮೈಸೂರಿಗೆ ಬಂದು ಅಮ್ಮನ್ನ ನೋಡ್ದೆ ಹೋದ್ರೆ ಏನು ಚೆಂದ?" ಅಂದಳು.

ವಸಂತಮ್ಮ ಮೆಟ್ಟಿಲು ನೋಡಿದಳು, ಭಾವನ ಮುಖ ನೋಡಿದಳು. "ನನ್ ಕೈಲಾಗಲ್ಲ ಅಕ್ಕ."

"ಎರಡು ಮಕ್ಕಳ ತಾಯೀರು ಹತ್ತಾವ್ರೆ, ನಿಂಗೇನೆ ಬಂದಿರೋದು?"

"ಬುಡು ನಂಜಿ, ಬಲವಂತ ಮಾಡ್ಬೇಡ" ಅಂದ ಚಿಕ್ಕಣ್ಣ. "ಪಾದದಲ್ಲೇ ಒಂದು ಕಾಯಿ ಒಡೆಯಾಣ. ಅಮ್ಮ ಏನೂ ಅನ್ಕೊಳ್ಳಲ್ಲ."

"ಹೂಂ! ಅಮ್ಮನ ಪರವಾಗಿ ನೀವೇ ಹೇಳ್ಬುಡಿ. ಎಲ್ಲಾರ ಪರವಾಗೂ ನೀವೇ ಹೇಳಿ ಇವತ್ತು!" ಅಂದವಳೇ ಸೆರಗು ಸಿಕ್ಕಿಸಿಕೊಂಡು ದಡದಡ ಒಬ್ಬಳೇ ಹತ್ತಿಬಿಟ್ಟಳು.

ಸ್ವಲ್ಪ ಮೇಲೆ ಹೋದಮೇಲೆ ಉಸಿರು ಹತ್ತಿ ನಿಂತು ಹಿಂತಿರುಗಿದಳು. ನೋಡಬಾರದಿತ್ತು. ಕೆಳಗೆ ಆಲದ ಮರದಡಿ ಬಂಡಿ ನಿಂತಿತ್ತು. ವಸಂತಮ್ಮ ಮುಂದಿನ ಜಾಗದಲ್ಲೇ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಚಿಕ್ಕಣ್ಣ ಎದುರಿಗೆ ನಿಂತು ಏನೋ ಹೇಳಿದ, ಹೇಳಿ ಅವಳ ತಲೆಯ ಮೇಲೆ ಕೈ ಇಟ್ಟ. ಇಟ್ಟ ಕೈಯನ್ನು ಬೇಗ ತೆಗೆಯಲೂ ಇಲ್ಲ.

ಮುಗಿಯಿತು ಅಂದುಕೊಂಡಳು ಶಿವನಂಜಮ್ಮ. ಅತ್ತೆ ಗೆದ್ದಳು. ಇನ್ನು ತಟ್ಟೆ ಹಿಡಿದು ಬರುವವರು ಬರುವುದೊಂದೇ ಬಾಕಿ. ಎಮ್ಮೆಯ ಪಕ್ಕದಲ್ಲಿ ಚಾಪೆ ಬಿಚ್ಚುವುದು ತನ್ನ ಪಾಲಿಗೆ. ಅವಳು ಗುಡಿಯ ತನಕ ಹೋಗಲಿಲ್ಲ, ನಿಂತಲ್ಲಿಂದ ಕೈಯನ್ನೂ ಮುಗಿಯಲಿಲ್ಲ. ಯಾವ ಮುಖ ಇಟ್ಟುಕೊಂಡು ಮುಗಿಯುವುದು? ಮೈಯೆಲ್ಲ ಉರಿದುಹೋಗುತ್ತಿತ್ತು. ಬಂದ ಹಾಗೇ ದಡದಡ ಇಳಿದಳು.

"ಯಾಕೆ, ಹೋಗ್ಲಿಲ್ವಾ?" ಅಂದ ಚಿಕ್ಕಣ್ಣ.

"ನಾನು ಮುಂದೆ ಕುಂತ್ಕೊತೀನಿ."

"ಏನು?"

"ನಾನು ಮುಂದೆ, ಅವಳು ಹಿಂದೆ. ಬೆಳಿಗ್ಗೆಯಿಂದ ಹಿಂಭಾರ ಆಗಿ ಮಲ್ಲಿ ಎಗರಿ ಎಗರಿ ಬತ್ತಾ ಐತೆ. ಹೊಟ್ಟೆಪಟ್ಟಿ ಉಜ್ಜಿ ಕೆಂಪಾಗೈತೆ, ನೋಡಿ ಬೇಕಾದ್ರೆ. ಕುದುರೆ ಮೇಲಾದ್ರೂ ಕರುಣೆ ಇರ್ಲಿ. ಏನು, ನಾನು ಹೇಳಿದ್ದು ಸುಳ್ಳಾ?"

ಚಿಕ್ಕಣ್ಣ ಮೂಕಿ ನೋಡಿದ, ಪಟ್ಟಿ ನೋಡಿದ. ಕಸುಬಿನ ಮಾತಿಗೆ ಕಸುಬಿನವನು ಇಲ್ಲ ಅನ್ನಲಾರ. "ನಾನು ಹಿಂದೆ ಹೋಯ್ತೀನಿ ಬುಡಿ ಭಾವ" ಅಂತ ವಸಂತಮ್ಮನೇ ಎದ್ದು, ನಿಧಾನವಾಗಿ ಇಳಿದು, ಹಿಂದಿನಿಂದ ಹತ್ತಿ ಎರಡೂ ಕೈಯಿಂದ ಕಂಬಿ ಹಿಡಿದುಕೊಂಡಳು. ಚಿಕ್ಕಣ್ಣ ಕಂಬಳಿಯನ್ನು ತೆಗೆದು ಅವಳಿಗೆ ಹಾಸಲು ಹೋದ. ಶಿವನಂಜಮ್ಮ ಅದರ ಮೇಲೆ ಧೊಪ್ಪೆಂದು ಕೂತುಬಿಟ್ಟಳು.

ಪಾದದಿಂದ ಊರಿಗೆ ಬರುವ ರಸ್ತೆಗೆ ಆಗ ಹೊಸದಾಗಿ ಜಲ್ಲಿ ಸುರಿದಿದ್ದರು, ಇನ್ನೂ ರೋಲರ್ ಓಡಿಸಿರಲಿಲ್ಲ. ಚಿಕ್ಕಣ್ಣ ಮಲ್ಲಿಯನ್ನು ಹೆಜ್ಜೆ ಹೆಜ್ಜೆಗೂ ತಡೆದು, ಹಿಂದಕ್ಕೆ ಮತ್ತೆ ಮತ್ತೆ ತಿರುಗಿ ನೋಡುತ್ತ, ಹೆಣದ ಮುಂದೆ ಹೋಗುವವರ ಹಾಗೆ ಹೊಡೆಯುತ್ತಿದ್ದ. ಪಕ್ಕದಲ್ಲೇ ಹೆಂಡತಿ ಕೂತಿದ್ದಾಳೆ, ಅವಳ ಕಡೆ ಒಂದು ನೋಟ ಇಲ್ಲ.

"ಬೇಗ ಹೊಡೀರಿ. ಹಾಲು ಕರೆಯೋ ಹೊತ್ತಾಯ್ತು."

"ಆಯ್ತದೆ, ತಡಿ."

"ಏನ್ ತಡೆಯೋದು? ಅವಳೇನು ಗಾಜಿನ ಬೊಂಬೆಯಾ, ಅಲುಗಿದ್ರೆ ಒಡೆದೋಗಾಕೆ?"

ಮತ್ತೆ ಅವನು ಹಿಂದಕ್ಕೆ ತಿರುಗಿದ. ಅಷ್ಟೇ. ಶಿವನಂಜಮ್ಮ ಅವನ ಕೈಯಿಂದ ಚಾವಟಿ ಕಿತ್ತುಕೊಂಡು ಮಲ್ಲಿಯ ಬೆನ್ನಿಗೆ ಬೀಸಿದಳು. ಮಲ್ಲಿಗೆ ಹೊಡೆತದ ಅಭ್ಯಾಸವೇ ಇರಲಿಲ್ಲ. ಬೆಚ್ಚಿ ನೆಗೆಯಿತು. ಗಾಲಿ ಜಲ್ಲಿಯ ಗುಡ್ಡೆ ಹತ್ತಿ ಧಡ್ ಎಂದು ಇಳಿಯಿತು, ಮತ್ತೊಂದನ್ನು ಹತ್ತಿತು. "ಅವ್ವಾ! ಅವ್ವಾ!" ಅಂತ ಹಿಂದಿನಿಂದ ವಸಂತಮ್ಮ ಕೂಗಿಕೊಂಡಳು. ಚಿಕ್ಕಣ್ಣ ಎರಡೂ ಕಾಲು ಊರಿಕೊಂಡು ಲಗಾಮು ಎಳೆದು ಹೇಗೋ ನಿಲ್ಲಿಸಿದ. ನಿಲ್ಲಿಸಿದವನು ಹೆಂಡತಿಯ ಮುಖಕ್ಕೆ ಮುಖ ಕೊಟ್ಟು ಕಿರಿಚಿದ.

"ಬಸುರಿ ಕಣೆ ಅವಳು! ಬಸುರಿ! ಕೊಂದ್ಬುಟ್ಯಲ್ಲೇ!"

ಧುಮುಕಿ ಹಿಂದಕ್ಕೆ ಓಡಿದ. ಶಿವನಂಜಮ್ಮ ಇಳಿದಳೋ ಬಿದ್ದಳೋ ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಅವನು ಇಳಿಸಿಕೊಂಡಿದ್ದ ವಸಂತಮ್ಮ ರಸ್ತೆ ಪಕ್ಕದ ಹೊಂಗೆ ಮರದಡಿ ಕೂತು, ಸೆರಗು ಜಾರಿ, ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡಿದ್ದಳು. ಸೆರಗು ಇಲ್ಲದ ಹೊಟ್ಟೆ ಈಗ ಚೆನ್ನಾಗಿಯೇ ಕಾಣುತ್ತಿತ್ತು. ಕುತ್ತಿಗೆಯಲ್ಲಿ ಹೊಸ ತಾಳಿಯೂ ಕಂಡಿತು.

"ಯಾರ್ದು?" ಅಂದಳು ಶಿವನಂಜಮ್ಮ. ಅಂದವಳು ನೋಡಿದ್ದು ಗಂಡನ ಕಡೆಗೆ. ಎಂಥಾ ಮನಸ್ಸು ನೋಡಿ!

"ಹುಚ್ಚಣ್ಣ ಅಂತ ಅಕ್ಕ" ಅಂದಳು ವಸಂತಮ್ಮ ಬಿಕ್ಕುತ್ತ. "ನಮ್ ಕಡೆಯೋರೇ, ಹುಣಸೂರೋರು. ಅಲ್ಲಿ ಹಂಚಿನ ಕಾರ್ಖಾನೇಲಿ ಅವ್ರೆ. ನಮ್ಮೋರು ನಾಕು ಜನ ಸೇರಿ ಕೂಡಿಕೆ ಮಾಡಿದ್ರು. ನಿಂಗೆ ಹೇಳಾನ ಅಂತ್ಲೇ ಬಂದೆ. ಬಸ್ ಸ್ಟ್ಯಾಂಡಲ್ಲಿ ಇಳೀತಿದ್ದಂಗೇ ಭಾವ ಅಂದ್ರು, 'ನೋಡವ್ವ, ನಮ್ಮವ್ವ ಯಾಕೆ ಕರೆಸವಳೆ ಅಂತ ನಂಗೊತ್ತು. ನಂಗೆ ನಿಮ್ಮಕ್ಕ ಒಬ್ಳು ಸಾಕು. ನಿನ್ನ ಮನಸಲ್ಲಿ ಏನಾದ್ರೂ ಇದ್ರೆ ತೆಗೆದಾಕು' ಅಂತ. ಆಗ ನಾನೂ ಎಲ್ಲಾ ಹೇಳ್ಬುಟ್ಟೆ."

ನಂಗೆ ನಿಮ್ಮಕ್ಕ ಒಬ್ಬಳು ಸಾಕು. ಶಿವನಂಜಮ್ಮ ಇದೊಂದು ಮಾತಿಗಾಗಿ ಎಷ್ಟು ವರ್ಷ ಕಾದಿದ್ದಳು! ಯಾವ ದೇವರಿಗೆ ಕೈ ಮುಗಿದರೂ ಮಗು ಕೇಳಿದ ಮೇಲೆ ಎರಡನೆಯದಾಗಿ ಕೇಳುತ್ತಿದ್ದದ್ದು ಇದನ್ನೇ. ಅಲ್ಲೇ ರಸ್ತೆಯಲ್ಲಿ ಗಂಡನ ಕಾಲು ಹಿಡಿದುಬಿಡಬೇಕು ಅನ್ನಿಸಿತು.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?" ಅಂದಳು.

ವಸಂತಮ್ಮ ತಲೆ ತಗ್ಗಿಸಿದಳು. ಚಿಕ್ಕಣ್ಣ ಮಲ್ಲಿಯ ಕುತ್ತಿಗೆ ನೇವರಿಸುತ್ತ ನಿಂತ.

"ನಿಮ್ಮನ್ನೇ ಕೇಳ್ತಿರೋದು. ನಂಗ್ಯಾಕೆ ಹೇಳ್ಲಿಲ್ಲ?"

"ನಾನೇ ಬೇಡ ಅಂದೆ" ಅಂದ ಚಿಕ್ಕಣ್ಣ. "ಇವಳು ಹೇಳ್ತೀನಿ ಹೇಳ್ತೀನಿ ಅಂತಿದ್ಲು. ಅಲ್ಲಿ ಮರದ ಕೆಳಗೂ ಅದಕ್ಕೇ ಅತ್ಲು. ನಾನೇ, ಹೆರಿಗೆ ಆಗಿ ಹೋಗ್ಲಿ ಅಂದೆ. ಮಕ್ಕಳಿಲ್ದೋರ... ಅಂಗಲ್ಲ ಕಣೆ ನಂಜಿ, ಜನ ಅಂತಾರಲ್ಲ, ಕಣ್ಣು..."

"ನನ್ನ ಕಣ್ಣು ಬೀಳ್ತದೆ ಅಂತ."

ಅವನು ಬಗ್ಗಿ ಮಲ್ಲಿಯ ಹೊಟ್ಟೆಪಟ್ಟಿ ಸಡಿಲಿಸತೊಡಗಿದ.

ಬೇರೆ ದಿನವಾಗಿದ್ದರೆ ಶಿವನಂಜಮ್ಮ ಅವನ ವಂಶವನ್ನೇ ಎತ್ತಿ ಜಾಡಿಸುತ್ತಿದ್ದಳು. ಕೊಪ್ಪಲಿನಲ್ಲಿ ಯಾರ ಮನೆಯ ತೊಟ್ಟಿಲ ಶಾಸ್ತ್ರಕ್ಕೂ ಅವಳನ್ನು ಮುಂದೆ ಕರೆಯದೆ ಬಾಗಿಲ ಹೊರಗೇ ಮಾತಾಡಿಸಿ ಕಳಿಸುತ್ತಿದ್ದ ಜನರನ್ನೆಲ್ಲ ಅವಳು ಸಹಿಸಿಕೊಂಡಿದ್ದದ್ದು, ಮನೆಯೊಳಗೆ ಒಬ್ಬನಾದರೂ ಹಾಗೆ ನೆನೆಯುವುದಿಲ್ಲ ಅನ್ನುವ ಧೈರ್ಯದಿಂದ. "ನೀನೂ ನಂಬಿದ್ಯಾ?" ಅಂತ ಕೇಳಲು ಬಾಯಿ ತೆರೆದಳು. ಚಾವಟಿ ಇನ್ನೂ ಅವಳ ಕೈಯಲ್ಲೇ ಇತ್ತು. ಬಾಯಿ ಮುಚ್ಚಿಕೊಂಡಳು.

ಅಷ್ಟರಲ್ಲಿ ವಸಂತಮ್ಮ "ಅಯ್ಯೋ" ಅಂದಳು. ಇಬ್ಬರೂ ಬೆದರಿ ತಿರುಗಿದರೆ ಅವಳ ಮುಖದಲ್ಲಿ ಅ‍ಳುವಿನ ನಡುವೆ ನಗು. "ಅಲುಗಾಡ್ತು ಅಕ್ಕ! ಒದೀತು! ಏನೂ ಆಗಿಲ್ಲ ಕಣಕ್ಕ, ನೋಡು, ನೋಡಿಲ್ಲಿ" ಅನ್ನುತ್ತ ಅಕ್ಕನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಳ್ಳಲು ಎಳೆದಳು.

ಶಿವನಂಜಮ್ಮ ಕೈ ಬಿಡಿಸಿಕೊಂಡಳು. "ಬೇಡ ಕಣೆ. ಈಗ ಬೇಡ."

"ಯಾಕಕ್ಕ? ನಂಗೆ ಆ ಭಯ ಎಲ್ಲ ಇಲ್ಲ."

"ನಂಗೈತೆ." ಶಿವನಂಜಮ್ಮ ಚಾವಟಿಯನ್ನು ಬಂಡಿಯೊಳಕ್ಕೆ ಎಸೆದಳು. "ಇನ್ನೂ ಉರೀತಾ ಐತೆ ಕಣೆ ಹೊಟ್ಟೆ. ಬೆಳಿಗ್ಗೆ ಇವರ ಮೇಲೆ ಉರೀತಿತ್ತು, ಅತ್ತೆ ಮೇಲೆ ಉರೀತಿತ್ತು. ಈಗ ನಿನ್ನ ಮೇಲೇ. ಸುಳ್ಳು ಯಾಕೆ ಹೇಳ್ಲಿ?"

ತಂಗಿಯನ್ನು ಎತ್ತಿ ಮುಂದಿನ ಜಾಗಕ್ಕೆ ಹತ್ತಿಸಲು ಗಂಡನಿಗೆ ಹೇಳಿದಳು. ಕುದುರೆಯ ಬಾಯಿ ಹಿಡಿದು ನಡೆಸಿಕೊಂಡು ಹೋಗಿ, ಹತ್ತಬೇಡಿ ಅಂದಳು. ತಾನು ಹಿಂದೆ ನಡೆದು ಬರುತ್ತೇನೆ ಅಂದಳು. ಚಿಕ್ಕಣ್ಣ "ನಂಜಿ" ಅಂದ. ಅವಳು ಕೇಳಿಸದವಳ ಹಾಗೆ ತಂಗಿಯ ಸೆರಗು ಸರಿಮಾಡಲು ಕೈ ಎತ್ತಿ, ಮತ್ತೆ ಇಳಿಸಿದಳು.

"ಹೆರಿಗೆಗೆ ಇಲ್ಲಿಗೇ ಬಂದ್ಬುಡು" ಅಂದಳು. "ಅವ್ವ ಇಲ್ಲ, ಅಪ್ಪ ಇಲ್ಲ, ನಿಂಗಿನ್ಯಾರವ್ರೆ? ನಾನೇ ಬಾಣಂತನ ಮಾಡ್ತೀನಿ. ಅಷ್ಟೊತ್ತಿಗೆ ನಾನು ಸರಿ ಹೋಗಿರ್ತೀನಿ."

"ಅಕ್ಕಾ..."

"ಸರಿ ಹೋಗ್ದಿದ್ರೆ ನೀರು ಕಾಯಿಸಿ ಬಾಗಿಲಾಚೆ ಇಟ್ಬುಟ್ಟು ಹೋಯ್ತೀನಿ. ಮಗೀನ ಮುಖ ನೋಡಲ್ಲ. ಆಣೆ."